ಮತಗಟ್ಟೆಯಲ್ಲಿ ಗಂಡನ ಹೆಸರು

ಲಕ್ಕೂಬಾಯಿ ಕೊಕರೆ ತನ್ನ ಗಂಡ ಬದುಕಿರುವ ತನಕ ಅವನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಾಯಿ ಕಲಿಸಿದ್ದಳು. ಪಂಢರಪುರದ ದೇವರ ಹೆಸರೂ ಅದೇ ಆಗಿದ್ದರಿಂದ ಆ ದೇವರ ಹೆಸರನ್ನೂ ಬಿಟ್ಟಿದ್ದಳು. ಏಕಾದಶಿಯ ದಿನ ಎಲ್ಲರೂ ಹಾಡುವಾಗ ಇವಳು ಬರೀ ತಾಳ ಹಾಕುತ್ತಿದ್ದಳು. "ಪಂಢರಪುರದಾವ" ಅಂದರೆ ದೇವರು. "ನಮ್ಮ ಮನಿಯಾವ್ರು" ಅಂದರೆ ಗಂಡ. ಅಷ್ಟರಲ್ಲೇ ಸಂಸಾರ ನಡೆದಿತ್ತು.

ಎಂಬತ್ತಾರರ ಮಳೆಗಾಲದಲ್ಲಿ ಗಂಡ ಸತ್ತ. ಮತ್ತಿ ಮರ ಹತ್ತಿ ಎಮ್ಮೆಗೆ ಸೊಪ್ಪು ಕಡಿಯುತ್ತಿದ್ದ. ತೊಯ್ದ ಕೊಂಬೆ, ಕಾಲು ಜಾರಿತು. ಕೆಳಗೆ ಕಲ್ಲಿತ್ತು. ಅವನದೇ ಕಂಬಳಿಯಲ್ಲಿ ಹೊತ್ತು ತಂದರು. ಕಂಬಳಿ ತೊಳೆದು ಒಣಹಾಕಿದರೂ ಒಂದು ಕಡೆ ಬಿರುಸಾಗಿಯೇ ಉಳಿಯಿತು. ಲಕ್ಕೂಬಾಯಿ ಅದನ್ನೇ ಹೊದ್ದು ಎಮ್ಮೆ ಕಾಯಲು ಹೋಗತೊಡಗಿದಳು. ಹಾಲು ಹಿಂಡುವುದು ಹೆಂಗಸರ ಕೆಲಸ, ಮೇಯಿಸುವುದು ಗಂಡಸರದು. ಈಗ ಎರಡೂ ಅವಳದಾಯಿತು.

ಹೆಸರು ಹೇಳದೆ ಕಾಯ್ದದ್ದಕ್ಕೆ ಏನು ಸಿಕ್ಕಿತು ಎಂದು ಎಮ್ಮೆಯ ಹಿಂದೆ ನಡೆಯುವಾಗ ಅವಳಿಗೆ ಅನಿಸುತ್ತಿತ್ತು. ಕೇಳಲು ಯಾರೂ ಇರಲಿಲ್ಲ. ಇದ್ದೊಬ್ಬ ಮಗಳನ್ನು ಯಲ್ಲಾಪುರದ ಕಡೆಯ ದಡ್ಡಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಅತ್ತೆ ಸಗೂಬಾಯಿ ಇದ್ದಳು. ಮಗ ಸತ್ತ ಮೇಲೆ ಅವಳು ಸೊಸೆಯ ಜೊತೆ ಆಡಿದ್ದು ಒಂದೇ ಮಾತು.

"ನಿನ್ನ ತವರಿನ ಎಮ್ಮಿ ಸಂಬಂಧ ಸತ್ತ ನನ್ನ ಮಗ."

ಆ ಎಮ್ಮೆಯನ್ನು ಲಕ್ಕೂಬಾಯಿ ಮದುವೆಯಾದಾಗ ತವರಿನಿಂದ ತಂದಿದ್ದಳು. ಹೌದು, ಸೊಪ್ಪು ಅದಕ್ಕೇ ಕಡಿಯುತ್ತಿದ್ದ. ಮಗ ಹೋದ ಮೇಲೆ ಮುದುಕಿಯೂ ಅವನ ಹೆಸರು ಎತ್ತಲಿಲ್ಲ. ಹೀಗೆ ಆ ಗುಡಿಸಲಿನಲ್ಲಿ ಅವನನ್ನು ಹೆಸರಿಟ್ಟು ಕರೆಯುವವರೇ ಇಲ್ಲವಾದರು.

ಇವರು ಗೌಳಿಗರು. ಕಲಘಟಗಿ ತಾಲೂಕಿನ ಪಡುವಲ ಅಂಚಿನಲ್ಲಿ, ಕಾಡು ಶುರುವಾಗುವ ಕಡೆ, ಇವರ ದಡ್ಡಿ. ದಡ್ಡಿ ಅಂದರೆ ಎಮ್ಮೆ ಕೊಟ್ಟಿಗೆಗಳ ಸುತ್ತ ಕಟ್ಟಿಕೊಂಡ ಗುಡಿಸಲುಗಳು. ಮನೆಯೊಳಗೆ ಅವರದು ಮರಾಠಿ ಮಾತು, ಊರವರ ಕೂಡ ಕನ್ನಡ. ಹುಲ್ಲು ತೀರಿದರೆ ಹಿಂದಿನವರು ದಡ್ಡಿಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಹೋದ ಮೇಲೆ ಅಲ್ಲಿ ಸಗಣಿಯ ಗುರುತು ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ. ಈ ದಡ್ಡಿ ಮಾತ್ರ ಮೂರು ತಲೆಯಿಂದ ಇಲ್ಲೇ ನಿಂತಿತ್ತು. ಕಾರಣ, ಪಕ್ಕದ ಗಾಯರಾಣ. ಊರ ದನಕ್ಕೆಂದು ಸರಕಾರ ಬಿಟ್ಟ ಹುಲ್ಲುಗಾವಲು ಅದು. ನಡುವೆ ಬೇಸಿಗೆಯಲ್ಲೂ ಬತ್ತದ ಹೊಂಡ. ಅದರ ಮಗ್ಗುಲಿನ ಹೊನ್ನೆ ಮರದ ಬುಡದಲ್ಲಿ ಲಕ್ಕೂಬಾಯಿಯ ಗಂಡನನ್ನು ಮಣ್ಣು ಮಾಡಿದ್ದರು.

ಗಾಯರಾಣದ ಆಚೆ ಬಸರಿಕೊಪ್ಪ ಎಂಬ ಊರು. ಊರಿಗೆ ಕುಬೇರಪ್ಪಗೌಡರು ದೊಡ್ಡವರು. ಭತ್ತದ ಗದ್ದೆಯವರು. ದಡ್ಡಿಯ ಗೊಬ್ಬರವೆಲ್ಲ ಅವರ ಗದ್ದೆಗೇ ಹೋಗಬೇಕು, ಅದಕ್ಕೆ ಅವರು ಕೊಟ್ಟಷ್ಟು ಭತ್ತ ತೆಗೆದುಕೊಳ್ಳಬೇಕು. ವೋಟು ಅಂದರೂ ಹಾಗೆಯೇ.

ಎಂಬತ್ನಾಲ್ಕರ ಚಳಿಗಾಲದಲ್ಲಿ ದಿಲ್ಲಿಯ ಇಲೆಕ್ಷನ್ ಬಂದಾಗ ಲಕ್ಕೂಬಾಯಿಗೆ ಅದು ಸರಿಯಾಗಿ ತಿಳಿಯಿತು. ಆ ವರ್ಷ ಅವಳ ಗಂಡ ಗೊಬ್ಬರವನ್ನು ಗೌಡರಿಗೆ ಕೊಡದೆ ಮಿಶ್ರಿಕೋಟಿಯ ಮಲಿಕಸಾಬನಿಗೆ ಕೊಟ್ಟಿದ್ದ. ಮಲಿಕಸಾಬ ಸ್ವಂತ ಲಾರಿ ತಂದು, ಗೌಡರಿಗಿಂತ ಹೆಚ್ಚು ಭತ್ತ ಕೊಟ್ಟು ಹೇರಿಸಿಕೊಂಡು ಹೋದ. ವೋಟಿನ ದಿನ ಹೆಂಗಸರೆಲ್ಲ ಕಚ್ಚೆ ಸೀರೆ ಗಟ್ಟಿ ಬಿಗಿದು ಊರ ಸಾಲಿಗೆ, ಅಂದರೆ ಶಾಲೆಗೆ, ಹೋದರು. ಒಳಗೆ ಗೌಡರ ಏಜೆಂಟ ಮುದಕಪ್ಪ ಕೂತಿದ್ದ. ಗೌಡರ ಮನೆಯ ಲೆಕ್ಕಪತ್ರ ನೋಡುವ ಮನುಷ್ಯ.

ದಡ್ಡಿಯಲ್ಲಿ ಜನಾಬಾಯಿಯರೇ ಹಲವರು, ಲಕ್ಕೂಬಾಯಿಯರೂ ಹಲವರು. ಯಾವ ಲಕ್ಕೂಬಾಯಿ ಎಂದು ತಿಳಿಯಲು ಮತಗಟ್ಟೆಯ ಸಾಹೇಬರು ಕೇಳುತ್ತಿದ್ದರು, "ಗಂಡನ ಹೆಸರು?" ಹೆಂಗಸರು ಸೆರಗು ಕಚ್ಚಿ ನೆಲ ನೋಡುತ್ತಿದ್ದರು. ಆಗ ಮುದಕಪ್ಪ ಪರೋಪಕಾರ ಮಾಡುವವನ ಹಾಗೆ ಹೇಳುತ್ತಿದ್ದ, "ಇಕಿ ಸೋನೂನ ಹೇಂತ್ರಿ. ಇಕಿ ಕೊಂಡೂನ ಹೇಂತಿ." ಅವರಿಗೆ ಚೀಟಿ ಸಿಗುತ್ತಿತ್ತು, ಸಿಕ್ಕ ಮೇಲೆ ಯಾವ ಗುರುತಿಗೆ ಒತ್ತಬೇಕೆಂದು ಮೊದಲೇ ಹೇಳಿಯಾಗಿತ್ತು. ಲಕ್ಕೂಬಾಯಿಯ ಸರದಿ ಬಂದಾಗ ಮುದಕಪ್ಪ ಅವಳ ಮುಖವನ್ನೇ ನೋಡಿ ಹೇಳಿದ, "ಇಕಿ ಯಾರೋ, ಗುರ್ತ ಸಿಗವೊಲ್ದುರಿ." ದಿನ ಬೆಳಗಾದರೆ ಅವನ ಮನೆಗೆ ಮಜ್ಜಿಗೆ ಕೊಡುತ್ತಿದ್ದವಳು ಅವಳೇ. ಸಾಹೇಬರು ಮತ್ತೊಮ್ಮೆ ಕೇಳಿದರು. ಅವಳು ಬಾಯಿ ತೆಗೆಯಲಿಲ್ಲ. ಹಿಂದಕ್ಕೆ ಕಳಿಸಿದರು.

ಮನೆಗೆ ಬಂದು ಗಂಡನಿಗೆ ನಗುತ್ತಲೇ ಹೇಳಿದಳು. ಅವನು ನಗಲಿಲ್ಲ.

"ನಮ್ಮ ಹೇಂತ್ಯಾರು ನಮ್ಮ ಹೆಸರು ಹೇಳಂಗಿಲ್ಲ ಅಂತ ಅವರಿಗೆ ಗೊತ್ತೈತಿ. ಅದನ್ನ ಮೂಗದಾರ ಮಾಡಿ ಹಿಡಕೊಂಡಾರ," ಎಂದ. ಆಮೇಲೆ ಅವಳ ಕಡೆ ತಿರುಗಿ, "ಏ ಲಕ್ಕೂ, ಒಂದ ಸಲ ಹೇಳ ನೋಡೂಣು. ಇಲ್ಲಿ ಯಾರದಾರ? ಎಮ್ಮಿ ಅಷ್ಟ."

"ನಿಮಗೇನ ಹುಚ್ಚ ಹಿಡದೈತೇನ್ರಿ?"

"ಹೇಳಿದ್ರ ಸಾಯಂಗಿಲ್ಲ ನಾ."

"ಹೇಳೂದಿಲ್ಲ ಅಂದ್ರ ಹೇಳೂದಿಲ್ಲ. ಸುಮ್ಕ ಕರಾ ಬಿಡ್ರಿ, ಹಾಲ ಏರಾಕತ್ತಾವ."

ಅವನು ಕರು ಬಿಟ್ಟ. ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ಅವನ ತಲೆಯಿಂದ ಹೋಗಲಿಲ್ಲ. ಮುಂದಿನ ಒಂದೂವರೆ ವರ್ಷ ಎಮ್ಮೆ ಮೇಯಿಸಿದ್ದಕ್ಕಿಂತ ಕಲಘಟಗಿ ಕಚೇರಿಗೆ ಓಡಾಡಿದ್ದೇ ಹೆಚ್ಚು. ದಡ್ಡಿಯ ಒಬ್ಬೊಬ್ಬರ ಹೆಸರೂ ವೋಟಿನ ಪಟ್ಟಿಗೆ ಸೇರುವ ಹಾಗೆ ಮಾಡಿದ. "ನಮ್ಮವರೊಬ್ಬರು ಒಳಗ ಕೂಡ್ಬೇಕು," ಎನ್ನುತ್ತಿದ್ದ. ಹಾಗೆನ್ನುತ್ತಿರುವಾಗಲೇ ಮರದಿಂದ ಬಿದ್ದ.

ಅವನು ಸತ್ತ ವರ್ಷದ ಚಳಿಗಾಲದಲ್ಲಿ ಮಂಡಲ ಪಂಚಾಯ್ತಿ ಇಲೆಕ್ಷನ್ ಬಂತು. ಅದೇ ಹೊತ್ತಿಗೆ ಇನ್ನೊಂದು ಸುದ್ದಿಯೂ ಬಂತು. ಗಾಯರಾಣಕ್ಕೆ ತಂತಿ ಬೇಲಿ ಹಾಕಿ ನೀಲಗಿರಿ ಹಚ್ಚುವುದು, ಅದನ್ನು ಮಂಡಲದಲ್ಲಿ ಪಾಸು ಮಾಡಿಸುವುದು, ಗುತ್ತಿಗೆ ಕುಬೇರಪ್ಪಗೌಡರಿಗೆ. ಬೇಲಿ ಬಿದ್ದರೆ ಹುಲ್ಲು ಇಲ್ಲ, ಹೊಂಡ ಇಲ್ಲ. ದಡ್ಡಿ ಎತ್ತಬೇಕು.

ದಡ್ಡಿಯ ಗಂಡಸರು ಕೊಟ್ಟಿಗೆಯ ಮುಂದೆ ಸೇರಿದರು. ಜಾನು ಅವರಿಗೆಲ್ಲ ಮುಂದಾಳು. ಲಕ್ಕೂಬಾಯಿಯ ಭಾವ, ಸಗೂಬಾಯಿಯ ಹಿರೀ ಮಗ. ಅವನೆಂದ, "ನಮ್ಮ ಸೀಟ ಹೆಣಮಕ್ಕಳಿಗೆ ಬಂದೈತಿ. ಯಾರನ್ನ ನಿಂದ್ರಸೋದು?"

ಯಾರೂ ತಮ್ಮ ಹೆಂಡತಿಯ ಹೆಸರು ಹೇಳಲಿಲ್ಲ. ಊರ ಮುಂದೆ ಹೆಂಡತಿ ಹೋಗಿ ಕೂತರೆ ಮರ್ಯಾದೆ ಏನಾಗಬೇಕು? ಜಾನುವಿನ ಚಿಕ್ಕಪ್ಪ ಕೊಂಡು ಕೆಮ್ಮಿ, ಲಕ್ಕೂಬಾಯಿಯ ಕಡೆ ನೋಡಿ ಹೇಳಿದ, "ಇಕಿ ಆದೀತಲ್ಲ. ಇಕಿನ್ನ ಕೇಳಾವ್ರ ಯಾರದಾರ?"

ಲಕ್ಕೂಬಾಯಿ ಕಂಬದ ಮರೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಕೈ ನಿಂತಿತು. ಆ ಮಾತು ಒಳಗೆಲ್ಲೋ ಹೋಗಿ ನಾಟಿತು. ಕೇಳುವವರು ಯಾರೂ ಇಲ್ಲ, ಖರೆ. ಅವಳ ಕಣ್ಣಿಗೆ ಹೊನ್ನೆ ಮರ ಕಂಡಿತು. ದಡ್ಡಿ ಎತ್ತಿದರೆ ಉಳಿದವರೆಲ್ಲ ಎಮ್ಮೆ ಹೊಡೆದುಕೊಂಡು ಹೋಗುತ್ತಾರೆ. ಅವನು ಮಾತ್ರ ಬೇಲಿಯೊಳಗೆ, ನೀಲಗಿರಿಯ ಬುಡದಲ್ಲಿ.

"ನಿಂದರ್ತೇನಿ," ಎಂದಳು.

ಮುದುಕಿ ಗುಡಿಸಲಿನೊಳಗಿಂದಲೇ ಕೂಗಿದಳು, "ಗಂಡ ಸತ್ತ ವರ್ಷ ತುಂಬಿಲ್ಲ. ಮೆರವಣಿಗಿ ಬೇಕಾಗೇತೇನ ಬೇ ನಿನಗ?"

"ಅವರ ಶುರು ಮಾಡಿದ ಕೆಲಸ ಐತ್ರಿ ಆತ್ಯಾ."



ಕಲಘಟಗಿಯಲ್ಲಿ ಅರ್ಜಿ ಹಾಕುವಾಗಲೂ ಗಂಡನ ಹೆಸರು ಕೇಳಿದರು. ಜಾನು ಹೇಳಿದ, ಬರೆದುಕೊಂಡರು, ಇವಳು ಹೆಬ್ಬೆಟ್ಟು ಒತ್ತಿದಳು. ವೋಟಿನ ಗುರುತಾಗಿ ಬುಟ್ಟಿ ಸಿಕ್ಕಿತು. ದಡ್ಡಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನೆರೆಮನೆಯ ಜನಾಬಾಯಿ ತಲೆಯ ಮೇಲೆ ಸಗಣಿ ಬುಟ್ಟಿ ಹೊತ್ತು ಕುಣಿದಳು, "ಹಾಕ್ರೆವ್ವಾ ಹಾಕ್ರಿ, ಲಕ್ಕೂಬಾಯಿ ಬುಟ್ಟಿಗೆ ಹಾಕ್ರಿ! ವೋಟ ಇಲ್ಲಂದ್ರ ಸಗಣ್ಯಾರ ಹಾಕ್ರಿ!" ಗಂಡ ಸತ್ತ ಮೇಲೆ ಲಕ್ಕೂಬಾಯಿ ನಕ್ಕದ್ದು ಅವತ್ತೇ ಮೊದಲು. ನಕ್ಕ ಮೇಲೆ ತಪ್ಪು ಮಾಡಿದವಳ ಹಾಗೆ ಒಳಗೆ ಹೋದಳು.

ಎದುರಿಗೆ ನಿಂತವಳು ಶಿವಗಂಗವ್ವ, ಕುಬೇರಪ್ಪಗೌಡರ ತಮ್ಮನ ಹೆಂಡತಿ. ಸೌಮ್ಯ ಹೆಣ್ಣುಮಗಳು. ಅವಳನ್ನೂ ಯಾರೂ ಕೇಳಿ ನಿಲ್ಲಿಸಿರಲಿಲ್ಲ.

ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಆ ಸೀಟಿಗೆ ಊರ ಒಂದು ಓಣಿ, ಈ ದಡ್ಡಿ, ಕಾಡೊಳಗಿನ ಇನ್ನೊಂದು ಸಣ್ಣ ದಡ್ಡಿ ಸೇರುತ್ತಿದ್ದವು. ಹೆಂಗಸರ ವೋಟು ಪೂರಾ ಬಿದ್ದರೆ ಲಕ್ಕೂಬಾಯಿ. ಹೋದ ಸಲ ಅವಳನ್ನು ಕಳಿಸಿದ ಹಾಗೆ ಅರ್ಧ ಹೆಂಗಸರನ್ನು ಹಿಂದೆ ಕಳಿಸಿದರೆ ಶಿವಗಂಗವ್ವ. ಜಾನು ಅದಕ್ಕೂ ಉಪಾಯ ಹೇಳಿದ್ದ. "ಈ ಸಲ ಮುದಕಪ್ಪನ ಹಂಗಿನಾಗ ಇರೂದ ಬ್ಯಾಡ. ನೀನ ಒಳಗ ಕೂಡು. ಒಬ್ಬೊಬ್ಬಾಕಿ ಗುರ್ತನೂ ನೀನ ಹೇಳು." ಎಲ್ಲರಿಗೂ ಸರಿ ಅನಿಸಿತು. ಲಕ್ಕೂಬಾಯಿಗೂ ಸರಿ ಅನಿಸಿತು. ದಡ್ಡಿಯ ಒಬ್ಬರಿಗೂ ತಪ್ಪು ಎಲ್ಲಿದೆಯೆಂದು ಹೊಳೆಯಲಿಲ್ಲ.

ವೋಟಿನ ದಿನ ಗಂಡಸರು ಬೆಳಿಗ್ಗೆಯೇ ಬಂದು ವೋಟು ಹಾಕಿ ಎಮ್ಮೆ ಹೊಡೆದುಕೊಂಡು ಕಾಡಿಗೆ ಹೋದರು. ಲಕ್ಕೂಬಾಯಿಯ ಎಮ್ಮೆಗಳನ್ನೂ ಜಾನುವೇ ಕರೆದುಕೊಂಡು ಹೋದ. ಹೆಂಗಸರು ಹಾಲು ಹಿಂಡಿ, ಕೊಡುವ ಮನೆಗಳಿಗೆ ಕೊಟ್ಟು, ಕೈಕಾಲು ತೊಳೆದು ಬರುವಷ್ಟರಲ್ಲಿ ಬಿಸಿಲು ಏರಿತ್ತು. ಸಾಲಿಯ ಕೋಣೆಯಲ್ಲಿ ಮೇಜಿನ ಆಚೆ ಸಾಹೇಬರು. ಹುಬ್ಬಳ್ಳಿ ಕಡೆಯ ಯಾವುದೋ ಸಾಲಿಯ ಮಾಸ್ತರರಂತೆ, ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಒಂದು ಬೆಂಚಿನ ಮೇಲೆ ಶಿವಗಂಗವ್ವ, ಅವಳ ಬಾಜು ಮುದಕಪ್ಪ. ಇನ್ನೊಂದು ಬೆಂಚಿನ ಮೇಲೆ ಲಕ್ಕೂಬಾಯಿ ಒಬ್ಬಳೇ.

ಮೊದಲು ಒಳಗೆ ಬಂದವಳು ಜಾನುವಿನ ಹೆಂಡತಿ, ಲಕ್ಕೂಬಾಯಿಯ ವೈನಿ. ಮುದಕಪ್ಪ ಎದ್ದು ನಿಂತ.

"ಇಕಿ ಯಾರೋ ಗುರ್ತ ಸಿಗವೊಲ್ದುರಿ ಸಾಹೇಬ್ರ."

"ಗಂಡನ ಹೆಸರೇನಮ್ಮಾ?" ಸಾಹೇಬರು ಕೇಳಿದರು.

ವೈನಿ ಸೆರಗು ಕಚ್ಚಿ ಲಕ್ಕೂಬಾಯಿಯ ಕಡೆ ನೋಡಿದಳು. ಲಕ್ಕೂಬಾಯಿ ಎದ್ದಳು. ಬಾಯಿ ತೆಗೆದಳು. ಹಾಗೇ ಮುಚ್ಚಿದಳು.

ಭಾವನ ಹೆಸರು. ಭಾವನ ಹೆಸರನ್ನು ತಮ್ಮನ ಹೆಂಡತಿ ಹೇಳುವುದು ಎಲ್ಲಾದರೂ ಉಂಟೆ? ಗಂಡನ ಹೆಸರಿನಷ್ಟೇ ದೊಡ್ಡ ಕಟ್ಟು ಅದು. ಅವನು ಎದುರು ಬಂದರೆ ಅವಳು ಸೆರಗು ಎಳೆದುಕೊಂಡು ಪಕ್ಕಕ್ಕೆ ನಿಲ್ಲುವವಳು. ಮುಂದೆ ಬರುವವರ ಗಂಡಂದಿರನ್ನು ಮನಸ್ಸಿನಲ್ಲೇ ನೆನೆದಳು. ಕೊಂಡು ಚಿಕ್ಕಮಾವ. ಸೋನು ಇನ್ನೊಬ್ಬ ಭಾವ. ಧೂಳು ಮಾವ. ಇಡೀ ದಡ್ಡಿಯೇ ಅವಳ ಗಂಡನ ಮನೆ. ಅವಳು ಹೆಸರಿಟ್ಟು ಕರೆಯಬಹುದಾದ ಗಂಡಸು ಅಂದರೆ ಮೀಸೆ ಮೂಡದ ಮೈದುನರು, ಅವರಿಗಿನ್ನೂ ಮದುವೆಯೇ ಆಗಿಲ್ಲ.

ಮುದಕಪ್ಪನಿಗೆ ಅವಳಿಗಿಂತ ಮೊದಲೇ ಅರ್ಥವಾಗಿತ್ತು. ಮೀಸೆಯೊಳಗೇ ನಕ್ಕ.

"ಹೇಳವಾ ಹೇಳು. ಮೆಂಬರ್ ಆಗಾಕಿ ನೀ. ಬಾಯಿ ಇಲ್ಲೇನ?"

ಸಾಹೇಬರು ಪಾಪ ಸ್ವಲ್ಪ ಹೊತ್ತು ಕಾದರು. "ಒತ್ತಟ್ಟಿಗೆ ನಿಂದ್ರವ್ವಾ," ಎಂದರು ವೈನಿಗೆ. ಎರಡನೆಯವಳು ಬಂದಳು. ಮೂರನೆಯವಳು ಬಂದಳು. ಎಲ್ಲರೂ ಗೋಡೆಗೆ ಹತ್ತಿ ನಿಂತರು. ಗೋಡೆ ತುಂಬಿತು. ಜನಾಬಾಯಿ ಪಿಸುಗುಟ್ಟಿದಳು, "ಏನವಾ ಲಕ್ಕೂ, ಇದನ್ನ ಯಾರೂ ನೆನಸಲಿಲ್ಲಲ್ಲ!"

ಗಂಡಸರು ಕಾಡಿನಲ್ಲಿ. ಕರೆಯಲು ಹೋದವರು ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಲಕ್ಕೂಬಾಯಿ ಕಿಟಕಿಯಿಂದ ಹೊರಗೆ ನೋಡಿದಳು. ಬೇವಿನ ಗಿಡದ ಕೆಳಗೆ ಸಗೂಬಾಯಿ ಕೂತಿದ್ದಳು. ಕಾಲು ಚಾಚಿ, ಬಾಯಲ್ಲಿ ತಂಬಾಕು ಹಾಕಿಕೊಂಡು, ಯಾರ ಕಡೆಗೂ ನೋಡದೆ.

ಲಕ್ಕೂಬಾಯಿಗೆ ಆಗ ಹೊಳೆಯಿತು. ದಡ್ಡಿಯಲ್ಲಿ ಈಗ ಉಳಿದ ಗಂಡಸರೆಲ್ಲ ಮುದುಕಿಗಿಂತ ಸಣ್ಣವರು. ಕೆಲವರು ಹೆತ್ತ ಮಕ್ಕಳು, ಕೆಲವರು ಮೈದುನರು, ಕೆಲವರು ಅವಳೇ ಹೊಕ್ಕುಳ ಬಳ್ಳಿ ಕೊಯ್ದು ಮಣ್ಣಿಗೆ ಹಾಕಿದವರು. ಅವಳು ಹೇಳಬಾರದ ಹೆಸರಿನವರೆಲ್ಲ ಸತ್ತು ಹೋಗಿದ್ದರು.

ಹೊರಗೆ ಓಡಿದಳು.

"ಆತ್ಯಾ, ಒಳಗ ಬರ್ರಿ. ನನ್ನ ಕಡಿಂದ ಹೆಸರು ಹೇಳಾಕ ಆಗವೊಲ್ದು. ಹಿರ್ಯಾರ ಹೆಸರ್ರಿ."

ಮುದುಕಿ ತಂಬಾಕು ಉಗುಳಿದಳು. "ನಿಂದರ್ತೇನಿ ಅಂದಾಕಿ ನೀ. ನಾ ಅಲ್ಲ."

"ನನ್ನ ಸಂಬಂಧ ಬ್ಯಾಡ್ರಿ. ಹೊನ್ನಿ ಗಿಡದ ಬುಡಕಿದ್ದವರ ಸಂಬಂಧ ಬರ್ರಿ. ಬೇಲಿ ಬಿದ್ರ ಅವರನ್ನ ಬಿಟ್ಟ ಹೋಗ್ಬೇಕ ನಾವು."

ಮುದುಕಿ ಅವಳ ಮುಖ ನೋಡಿದಳು. ಆರು ತಿಂಗಳಲ್ಲಿ ಸರಿಯಾಗಿ ನೋಡಿದ್ದು ಅದೇ ಮೊದಲು. ಆಮೇಲೆ ಕೈ ಮುಂದೆ ಚಾಚಿದಳು. "ಎಬ್ಬಸು."

ಒಳಗೆ ಬಂದಾಗ ಮುದಕಪ್ಪ ಅಡ್ಡ ಬಂದ. "ಈ ಮುದುಕಿ ಯಾರ್ರಿ? ಇಕಿ ಗುರ್ತನ ಇಲ್ಲ. ಇಕಿ ಮಂದಿ ಗುರ್ತ ಹೇಳಾಕಿ?"

ಸಾಹೇಬರು ಕೇಳಿದರು, "ಅಜ್ಜಿ, ನಿನ್ನ ಗಂಡನ ಹೆಸರು?"

ಮುದುಕಿಯೂ ಸೆರಗು ಕಚ್ಚಿ ನೆಲ ನೋಡಿದಳು. ಲಕ್ಕೂಬಾಯಿಗೂ ಹೇಳುವಂತಿಲ್ಲ, ಮಾವನ ಹೆಸರು. ಆಗ ಬೆಂಚಿನ ಮೇಲಿಂದ ಶಿವಗಂಗವ್ವ, ಬೆಳಗಿನಿಂದ ತುಟಿ ಬಿಚ್ಚದೆ ಕೂತವಳು, ಮೆಲ್ಲಗೆ ಹೇಳಿದಳು.

"ಬಾಬೂ ಗೌಳೇರ ಹೇಂತ್ರಿ ಇಕಿ. ಸಗೂಬಾಯಿ. ನಾ ಮದವ್ಯಾಗಿ ಬಂದ ದಿವಸ ಇಕಿನ ಬೆಣ್ಣಿ ತಂದಿದ್ಲು. ನನ್ನ ಬಾಣಂತನಕ್ಕ ತುಪ್ಪನೂ ಇಕಿ ಮನೀದ."

ಮುದಕಪ್ಪ ತಿರುಗಿ ನೋಡಿದ. "ಅಕ್ಕಾರ, ನೀವ ಎದುರಿಗೆ ನಿಂತೀರಿ!"

"ನಿಂತೇನಿ. ಅದಕ್ಕ ಸುಳ್ಳ ಹೇಳ್ಲೇನ ಮುದಕಪ್ಪ?"

ಸಾಹೇಬರು ಒಂದು ಕಾಗದ ತೆಗೆದರು. ಲಕ್ಕೂಬಾಯಿ ಹೆಬ್ಬೆಟ್ಟು ಒತ್ತಿದಳು, ಮುದುಕಿಯೂ ಒತ್ತಿದಳು. ಸಗೂಬಾಯಿ ಲಕ್ಕೂಬಾಯಿಯ ಏಜೆಂಟ ಆದಳು. ಬೆಂಚಿನ ಮೇಲೆ ಕೂರು ಅಂದರೆ ಕೇಳಲಿಲ್ಲ. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು. "ಕಳಸ್ರಿ ಒಬ್ಬೊಬ್ಬಾಕಿನ್ನ," ಎಂದಳು, ಎಮ್ಮೆ ಎಣಿಸಿ ಒಳಗೆ ಬಿಡುವವಳ ಹಾಗೆ.

ವೈನಿ ಮುಂದೆ ಬಂದಳು.

"ಇಕಿ ನನ್ನ ಹಿರೀ ಸೊಸಿ. ಜಾನ್ಯಾನ ಹೇಂತಿ. ಬರಕೋರಿ. ಸಾರಿಗೆ ಉಪ್ಪು ಮರಿತಾಳ, ಉಳದದ್ದೆಲ್ಲ ಚಲೋ."

"ಅದೆಲ್ಲ ಬ್ಯಾಡಜ್ಜಿ, ಹೆಸರಷ್ಟ ಸಾಕು."

"ಗುರ್ತ ಬೇಕಂದ್ರಲ್ಲ ಮತ್ತ? ಇಕಿ ಕೊಂಡ್ಯಾನ ಹೇಂತಿ. ಕೊಂಡ್ಯಾ ಅಂದ್ರ ನನ್ನ ಮೈದುನ, ಕುಡದ್ರ ಎಮ್ಮಿ ಕೂಡ ಮಾತಾಡತಾನ. ಇಕಿ ಸೋನ್ಯಾನ್ದು. ಇಕಿ ಜನಾಬಾಯಿ, ಧೂಳ್ಯಾನ ಹೇಂತಿ. ಮದವ್ಯಾಗ ಅವನ ಅತ್ತಿದ್ದ, ಇಕಿ ಅಳಲಿಲ್ಲ."

ಗೋಡೆಗೆ ನಿಂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಸಾಹೇಬರೂ ನಕ್ಕರು. ಮುದಕಪ್ಪ ಮೊದಮೊದಲು ಪ್ರತಿಯೊಬ್ಬರಿಗೂ ಎದ್ದು ನಿಲ್ಲುತ್ತಿದ್ದ. ಆಮೇಲೆ ಕೂತೇ ಹೇಳತೊಡಗಿದ. ಆಮೇಲೆ ಹೇಳುವುದನ್ನೂ ಬಿಟ್ಟ. ಯಾಕೆಂದರೆ ಅವನು ಬಾಯಿ ತೆಗೆದಾಗಲೆಲ್ಲ ಮುದುಕಿ, "ಏ ಮುದಕಪ್ಪ, ನೀ ಸಣ್ಣಾವಿದ್ದಾಗ ನಮ್ಮ ಕೊಟ್ಟಿಗ್ಯಾಗ ಕರಾದ ಹಾಲ ಕದ್ದ ಕುಡದ ಸಿಕ್ಕಿದ್ದಿ. ಆ ಗುರ್ತನೂ ಹೇಳ್ಲೇನ?" ಎನ್ನುತ್ತಿದ್ದಳು.

ಗೋಡೆ ಖಾಲಿಯಾಯಿತು. ಕಾಡೊಳಗಿನ ದಡ್ಡಿಯವರ ಗುರುತನ್ನೂ ಮುದುಕಿಯೇ ಹೇಳಿದಳು, ಅವರೂ ಹಾಕಿ ಹೋದರು. ಎಲ್ಲರೂ ಮುಗಿದ ಮೇಲೆ ಅವಳು ತನ್ನ ವೋಟು ಹಾಕಲು ಎದ್ದಳು.

ಮುದಕಪ್ಪನೂ ಎದ್ದ. ಮುಖ ಕೆಂಪಾಗಿತ್ತು.

"ಎಲ್ಲಾರಿಗೂ ಒಂದ ಕಾಯ್ದೆ ಸಾಹೇಬ್ರ. ಇಕಿ ಗಂಡನ ಹೆಸರೂ ಕೇಳ್ರಿ."

"ಇವರು ನಿಂತವರ ಅದಾರಲ್ಲಪಾ."

"ನಿಂತ್ರ ಏನಾತ್ರಿ? ದಡ್ಡ್ಯಾಗ ಲಕ್ಕೂಬಾಯಿ ಬಾಳ ಮಂದಿ ಅದಾರ."

ಸಾಹೇಬರು ನಿಟ್ಟುಸಿರು ಬಿಟ್ಟು ಮುದುಕಿಯ ಕಡೆ ತಿರುಗಿದರು. "ಹೇಳಿ ಬಿಡಜ್ಜಿ. ಇದೊಂದು."

ಮುದುಕಿ ಬಾಯಿ ತೆಗೆದಳು. ಇಡೀ ದಡ್ಡಿಯ ಹೆಸರು ಹೇಳಿದ ಬಾಯಿ ಅದು. "ಇಕಿ," ಎಂದಳು. "ಇಕಿ ನನ್ನ..." ಅಲ್ಲಿಗೆ ನಿಂತಿತು. ಮತ್ತೆ ಬಾಯಿ ತೆಗೆದಳು. ಬರಲಿಲ್ಲ. ಎರಡೂ ಕೈ ಮುಖಕ್ಕೆ ಹಚ್ಚಿಕೊಂಡಳು. ಗೋಡೆಯ ಬುಡದಲ್ಲಿ ಸಣ್ಣದಾಗಿ ಮುದುಡಿದಳು.

ಲಕ್ಕೂಬಾಯಿ ಅತ್ತೆಯನ್ನು ನೋಡಿದಳು. ಇಷ್ಟು ದಿನ ಮುದುಕಿ ಮಗನ ಹೆಸರು ಎತ್ತದ್ದು ಸಿಟ್ಟಿಗಲ್ಲ. ಎತ್ತಲು ಆಗುತ್ತಿರಲಿಲ್ಲ. ಇಬ್ಬರೂ ಒಂದೇ ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ಒಂದೇ ಗುಡಿಸಲಿನಲ್ಲಿ ಕೂತಿದ್ದರು.

ಆಯುಷ್ಯ ಕಡಿಮೆಯಾಗುತ್ತದೆ ಅಂದಿದ್ದಳು ತಾಯಿ. ಈಗ ಕಡಿಮೆಯಾಗುವುದು ಏನು ಉಳಿದಿದೆ? ಒಂದು ಸಲ ಹೇಳು ನೋಡೋಣ ಅಂದಿದ್ದ. ಎಮ್ಮೆಗಳ ನಡುವೆ ಹೇಳಬಹುದಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ. ನಗುತ್ತಿದ್ದ.

"ವಿಠ್ಠು," ಎಂದಳು.

ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಸಾಹೇಬರಿಗೆ ಸರಿಯಾಗಿ ಕೇಳಿಸಿರಲಿಲ್ಲವೇನೋ, ತಲೆ ಎತ್ತಿದರು.

"ವಿಠ್ಠು ಕೊಕರೆ. ನಾ ಅವರ ಹೇಂತಿ. ಬರಕೋರಿ."

ಮುದಕಪ್ಪ ಬೆಂಚಿನ ಮೇಲೆ ಕೂತ. ಸಾಹೇಬರು ಚೀಟಿ ಕೊಟ್ಟರು. ಲಕ್ಕೂಬಾಯಿ ಬುಟ್ಟಿಯ ಮೇಲೆ ಗುರುತು ಒತ್ತಿ, ಮಡಚಿ, ಡಬ್ಬಿಗೆ ಹಾಕಿ ಬಂದಳು. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಮುದುಕಿ ಅವಳ ಮೇಲೆ ಪೂರಾ ಭಾರ ಹಾಕಿ ನಡೆದಳು. ಹೊಂಡದ ಹತ್ತಿರ ಬಂದಾಗ ಮುದುಕಿ ನಿಂತು ಹೊನ್ನೆ ಮರದ ಕಡೆ ನೋಡಿದಳು.

"ಇನ್ನೊಂದ ಸಲ ಅನ್ನು," ಎಂದಳು.

"ವಿಠ್ಠು."

ಮುದುಕಿ ತಲೆ ಆಡಿಸಿದಳು. ಅಳು ಬಂತು. ಇಬ್ಬರಿಗೂ ಬಂತು. ಗಟ್ಟಿಯಾಗಿ ಅತ್ತರು. ಸಂಜೆ ಎಮ್ಮೆ ಹೊಡೆದುಕೊಂಡು ಬಂದ ಜಾನು ಸೋತೆವು ಎಂದೇ ತಿಳಿದು ಹಣೆ ಹಣೆ ಬಡಿದುಕೊಂಡ.

ಸೋತಿರಲಿಲ್ಲ. ಎಣಿಕೆಯ ದಿನ ಬುಟ್ಟಿಯೇ ಮೇಲಾಯಿತು. ಮಂಡಲದ ಕಚೇರಿಯಲ್ಲಿ ಲಕ್ಕೂಬಾಯಿಗೆ ಕುರ್ಚಿ ಕೊಟ್ಟರು. ಮೊದಲನೇ ಸಭೆಗೆ ಕಂಬಳಿ ಹೊದ್ದುಕೊಂಡೇ ಹೋದಳು. ಗಾಯರಾಣದ ಮಾತು ಬಂದಾಗ ಎದ್ದು ನಿಂತು, "ಗಾಯರಾಣ ದನದ್ದು. ದನಾ ನೀಲಗಿರಿ ತಿನ್ನಂಗಿಲ್ಲ," ಎಂದು ಹೇಳಿ ಕೂತಳು. ಅದಕ್ಕಿಂತ ಹೆಚ್ಚಿಗೆ ಅವಳಿಗೆ ಬರುತ್ತಿರಲಿಲ್ಲ. ಊರಲ್ಲಿ ದನ ಇದ್ದ ಉಳಿದ ಮೆಂಬರರಿಗೂ ಅದು ಸರಿ ಕಂಡಿತು, ಕೈ ಎತ್ತಿದರು. ಬೇಲಿ ಬರಲಿಲ್ಲ. ಅವತ್ತು ಹಿಂದೆ ಬರುತ್ತ ಹೊನ್ನೆ ಮರದ ಬುಡದಲ್ಲಿ ಸ್ವಲ್ಪ ಹೊತ್ತು ಕೂತಳು. ದುಃಖ ಇದ್ದೇ ಇತ್ತು. ಆದರೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹೊತ್ತು ತಿರುಗುವುದು ತಪ್ಪಿತ್ತು. ಅದು ಇಲ್ಲಿದೆ. ಇಲ್ಲೇ ಇರುತ್ತದೆ.

ಎಂಬತ್ತೊಂಬತ್ತರಲ್ಲಿ, ದೀಪಾವಳಿ ಮುಗಿದ ಮೇಲೆ, ದಿಲ್ಲಿ ಇಲೆಕ್ಷನ್ ಮತ್ತೆ ಬಂತು. ಈ ಸಲ ವೋಟಿಗೆ ಊರಿಗೆ ಹೋಗಬೇಕಾಗಿರಲಿಲ್ಲ. ಲಕ್ಕೂಬಾಯಿ ಬೆನ್ನು ಹತ್ತಿ ದಡ್ಡಿಗೆ ಒಂದು ಕೋಣೆಯ ಸಾಲಿ ತಂದಿದ್ದಳು, ಮತಗಟ್ಟೆ ಅಲ್ಲೇ ಎಂದು ಬರೆದು ಬಂದಿತ್ತು. ಯಾವ ಇಲೆಕ್ಷನ್ನಿನಲ್ಲೂ ದಡ್ಡಿಯ ದಾರಿ ಹಿಡಿಯದ ಜೀಪು ಧೂಳೆಬ್ಬಿಸಿಕೊಂಡು ಬಂದು ಕೊಟ್ಟಿಗೆಯ ಮುಂದೆ ನಿಂತಿತು. ಬಿಳಿ ಅಂಗಿಯವರು ಇಳಿದು, ಸಗಣಿ ದಾಟಿ, ಕೈ ಮುಗಿದು ಕೇಳಿದರು, "ಮೆಂಬರ್ ಲಕ್ಕೂಬಾಯಿ ಅವರ ಮನಿ ಯಾವುದ್ರಿ?" ಜನಾಬಾಯಿ ಸಗಣಿ ಕೈಯಲ್ಲೇ ತೋರಿಸಿದಳು. ಲಕ್ಕೂಬಾಯಿ ಅವರಿಗೆ ಮಜ್ಜಿಗೆ ಕೊಟ್ಟಳು. ಯಾರಿಗೆ ಹಾಕುತ್ತೇವೆಂದು ಹೇಳಲಿಲ್ಲ. ಹೊಂಡದ ಹೂಳು ತೆಗೆಸಿ ಕೊಡುವುದು ಯಾವಾಗ ಎಂದು ಕೇಳಿದಳು. ಜೀಪು ಬರುವ ಮೊದಲೇ ಬೇರೆ ಮಂದಿಯೂ ಬಂದು ಹೋಗಿದ್ದರು. ಕಾಡೊಳಗಿನ ದಡ್ಡಿಯ ಹೆಂಗಸರು, ಅದರಾಚೆಯ ಸಿದ್ದಿಯರ ಕೇರಿಯ ಸುಗರಾಬಿ. ಮುಂದಿನ ಮಂಡಲಕ್ಕೆ ನಿಲ್ಲಬೇಕು, ಅರ್ಜಿ ಹೇಗೆ ಹಾಕುವುದು ಎಂದು ಕೇಳಲು ಬಂದಿದ್ದರು.

ಜೀಪು ಹೋದ ಮೇಲೆ ಸಗೂಬಾಯಿ ಹೊರಸಿನ ಮೇಲಿಂದ ಕರೆದಳು. ಅವಳಿಗೆ ಈಗ ನಡೆಯಲು ಆಗುತ್ತಿರಲಿಲ್ಲ. ಬಾಯಿ ಮಾತ್ರ ಸವೆದಿರಲಿಲ್ಲ.

"ಏನ ಬೇ, ವೋಟಿನ ದಿನ ಸಾಲ್ಯಾಗ ಯಾರ ಕೂಡಾವ್ರು?"

"ನೀವ್ರಿ. ಹೊರಸ ಸಮೇತ ಹೊತ್ತ ಒಯ್ಯತೇವಿ."

"ಅಷ್ಟರಾಗ ನಾ ಸತ್ರ?"

"ನಾ ಹೇಳ್ತೇನಿ ಹೆಸರು."

"ಎಲ್ಲಾರದು?"

"ಎಲ್ಲಾರದೂ."

ಮುದುಕಿ ಕಣ್ಣು ಕಿರಿದು ಮಾಡಿ ಅಂಗಳದ ಕಡೆ ನೋಡಿದಳು. ಅಲ್ಲಿ ಜಾನು ತಲೆ ಬಗ್ಗಿಸಿ ಹಗ್ಗ ಹೊಸೆಯುತ್ತಿದ್ದ.

"ಹಂಗಾರ ಅಲ್ಲಿ ಕುಂತಾನಲ್ಲ, ನಿನ್ನ ಭಾವ, ಅವನ ಹೆಸರು ಅನ್ನು ನೋಡೂಣು."

ಲಕ್ಕೂಬಾಯಿ ಸೆರಗು ತಲೆಯ ಮೇಲೆ ಸರಿ ಮಾಡಿಕೊಂಡಳು. ಜಾನು ಅದನ್ನು ಕೇಳಿಸಿಕೊಂಡ. ಅರ್ಧ ಹೊಸೆದ ಹಗ್ಗವನ್ನು ಅಲ್ಲೇ ಒಗೆದು, "ಎಮ್ಮಿ ಎಲ್ಲಿ ಹೋದ್ವೋ ಏನೋ," ಎಂದು ಯಾರಿಗೋ ಹೇಳಿದವನ ಹಾಗೆ ಹೇಳಿ, ಲಗುಬಗೆಯಿಂದ ಗಾಯರಾಣದ ಕಡೆ ಹೊರಟ. ಎಮ್ಮೆಗಳೆಲ್ಲ ಅವನ ಹಿಂದೆಯೇ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು.

"ಹೋದ ನೋಡು," ಎಂದಳು ಮುದುಕಿ. "ಈಗ ಅನ್ನು."

ಲಕ್ಕೂಬಾಯಿ ಅಂದಳು.